ಶನಿವಾರದ ಕೆಂಪು ಗುರುತು

ಮಲ್ಕಾಜ್‌ಗಿರಿ, ಹೈದರಾಬಾದ್
೧೮ ಜನವರಿ ೨೦೨೫

ಗುರುಬಾಯಿಗೆ ಗದಿಗೆಮ್ಮನ ಆಶೀರ್ವಾದ.

ನೀನು ಫೋನು ಎತ್ತುವುದಿಲ್ಲ. ಈ ತಿಂಗಳಲ್ಲೇ ಐದು ಸಲ ಮಾಡಿದೆ. ಮೆಹದಿಪಟ್ಟಣದಲ್ಲಿ ನಿನ್ನ ತಮ್ಮನ ಮನೆಯಲ್ಲಿದ್ದೀಯೆಂದು ತಿಳಿದು ಬರೆಯುತ್ತಿದ್ದೇನೆ. ನಾನು ಯಾರಿಗೂ ಎರಡು ಸಲ ಹೇಳುವವಳಲ್ಲ; ಗಮನವಿಟ್ಟು ಓದು.

ಒಂಬತ್ತು ವರ್ಷ ನನ್ನ ರೊಟ್ಟಿ ಕೇಂದ್ರದಲ್ಲಿ ಒಲೆಗೆ ಕೂತವಳು ನೀನು. ನನ್ನ ನಿಯಮ ನಿನಗೆ ಗೊತ್ತು. ಪ್ರತಿ ಪೊಟ್ಟಣದ ಮೇಲೆ ತಟ್ಟಿದವಳ ಹೆಸರಿನ ಚೀಟಿ. ಬೇಗಂಪೇಟೆಯ ಅಂಗಡಿಯಿಂದ ಮುರಿದು ವಾಪಸು ಬಂದ ಖಡಕ್ ರೊಟ್ಟಿಗಳನ್ನು ಶನಿವಾರ ಎಣಿಸಿ, ಯಾರವು ಹೆಚ್ಚೋ ಅವರ ಹೆಸರಿನ ಮುಂದೆ ಗೋಡೆಯ ಹಲಗೆಯಲ್ಲಿ ಕೆಂಪು ಗುರುತು. ಮೂರು ಗುರುತಾದರೆ ಕೆಲಸವಿಲ್ಲ. ನ್ಯಾಯವೆಂದೇ ನಡೆಸಿದೆ. ಮೆಟ್ರಿಕ್ ಓದಿದವಳು ನಾನು, ಎಣಿಕೆಯಲ್ಲಿ ತಪ್ಪುವುದಿಲ್ಲ.

ನವೆಂಬರಿನಲ್ಲಿ ಮೂರನೆಯ ಗುರುತು ಬಿದ್ದ ದಿನ ನೀನು ಹೇಳಿದೆ: “ಹಿಟ್ಟಿನಾಗ ಜಿಗಟ ಇಲ್ರಿ ಅಕ್ಕಾರ, ಕೈ ಏನ್ ಮಾಡತೈತ್ರಿ?”

“ಹಿಟ್ಟು ನಂದು, ಕೈ ನಿಂದು. ನನ್ನ ಹಿಟ್ಟಿಗೆ ಹೆಸರಿಡಬ್ಯಾಡ,” ಅಂದೆ. ಪಕ್ಕದ ಒಲೆಯ ಉಮಾಶ್ರೀ “ಮುರಕಬಾಯಿ ಹೊಂಟಳ್ರೇ!” ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಕೈ ತೊಳೆದು ಹೊರಟೆ. ಒಂದು ಮಾತು ಜಗಳವಾಡಬಾರದಿತ್ತೇ? ಆ ಸಿಟ್ಟು ನನಗೆ ಇನ್ನೂ ಇದೆ.

ಡಿಸೆಂಬರಿನಲ್ಲಿ ಸೊಸೆ ಲಹರಿ ನನ್ನ ಎಣಿಕೆಯ ಪುಸ್ತಕ ಕೇಳಿದಳು. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ಅವಳದು. ಆರು ತಿಂಗಳ ಮುರುಕುಗಳನ್ನು ಹಾಳೆಯ ಮೇಲೆ ಚುಕ್ಕೆಗಳಾಗಿ ಇಟ್ಟು, ಮೇಲೊಂದು ಕೆಳಗೊಂದು ಗೆರೆ ಎಳೆದಳು. ಮನಸ್ಸಿಗೆ ಬಂದಲ್ಲಿ ಎಳೆಯುವ ಗೆರೆಯಲ್ಲವಂತೆ, ಲೆಕ್ಕ ಹಾಕಿ ಎಳೆಯುವುದಂತೆ. ಅದನ್ನು ದಾಟಿದ ಚುಕ್ಕೆಗೆ ಮಾತ್ರ ಬೇರೆ ಕಾರಣ ಹುಡುಕಬೇಕಂತೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಟೆಲಿಫೋನ್ ಕಾರ್ಖಾನೆಗೆಂದು ಒಬ್ಬರು ಇದನ್ನು ಕಂಡುಹಿಡಿದರಂತೆ. ಯುದ್ಧದಲ್ಲಿ ಅದು ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋಯಿತು. ಸೋತ ಜಪಾನಿನವರು ಶ್ರದ್ಧೆಯಿಂದ ಕಲಿತರು. ಅವರ ಕಾರು, ರೇಡಿಯೋ ನೋಡಿ ಉಳಿದವರು ಹೊಸದಾಗಿ ಕಲಿತರು. ನನ್ನ ಅಡಿಗೆಮನೆಗೆ ಈಗ ಬಂತು.

ಒಲೆಗೆ ಕೂತ ನಿಮ್ಮ ಐವರ ಚುಕ್ಕೆಗಳೂ ಎರಡು ಗೆರೆಗಳ ಒಳಗೇ ಇದ್ದವು. “ಇದು ಯಾರ ಕೈ ತಪ್ಪೂ ಅಲ್ರಿ ಅತ್ತೀ. ವಾರಾ ಯಾರರ ಒಬ್ಬರು ಮ್ಯಾಲ ಇರಾಕ ಬೇಕಲ್ರಿ? ನೀವು ಕಣ್ಣ ಮುಚ್ಚಿ ಚೀಟಿ ಎತ್ತಿ ಮಂದೀನ ಕೆಲಸದಿಂದ ತಗದಂಗಾತು,” ಎಂದಳು. ಸೊಸೆಯ ಬಾಯಿಂದ ಇಂಥದು ಕೇಳುವ ಕಾಲ ಬಂತು ನನಗೆ. ಎಲ್ಲರವೂ ಮುರಿಯುತ್ತಿದ್ದರೆ ಎಲ್ಲರಿಗೂ ಸೇರಿದ್ದು ಯಾವುದು ಎಂದು ಕೇಳಿದಳು.

ಹಿಟ್ಟು. ಗಿರಣಿಗೆ ಪದೇ ಪದೇ ಹೋಗಲು ಬೇಸರವೆಂದು ನಾನು ತಿಂಗಳಿಗೊಮ್ಮೆ ಬೀಸಿಸಿಡುತ್ತಿದ್ದ ಹಿಟ್ಟು. ಜೋಳದ ಹಿಟ್ಟು ಹಳತಾದರೆ ಜಿಗುಟು ಹೋಗುತ್ತದೆ. ಮೂರು ದಿನಕ್ಕೊಮ್ಮೆ ಬೀಸಿಸತೊಡಗಿದೆವು. ಎಲ್ಲರ ಚುಕ್ಕೆಗಳೂ ಒಟ್ಟಿಗೆ ಇಳಿದವು.

ಹಲಗೆ ತೆಗೆಸಿದ್ದೇನೆ. ನಿನ್ನ ಒಲೆ ಖಾಲಿ ಇದೆ. ಕಾಲು ಹಿಡಿಯುತ್ತಿದ್ದೇನೆ ಎಂದುಕೊಳ್ಳಬೇಡ. ಸೋಮವಾರ ಬಂದರೆ ಬಾ. ಬಾರದಿದ್ದರೂ ಅಲ್ಲಿ ಬೇರೆಯವರನ್ನು ಕೂರಿಸುವುದಿಲ್ಲ.

ಇತಿ,
ಗದಿಗೆಮ್ಮ

ತಾ.ಕ.: ನೀನು ಕೆಲಸ ಬಿಟ್ಟ ಮರುವಾರ ನಿನ್ನ ಒಲೆಗೆ ನಾನೇ ಕೂತು ತಟ್ಟಿದೆ. ಶನಿವಾರ ಎಣಿಸಿದಾಗ ಎಲ್ಲರಿಗಿಂತ ಹೆಚ್ಚು ಮುರಿದದ್ದು ನನ್ನವೇ. ನನ್ನ ಪೊಟ್ಟಣಗಳ ಚೀಟಿ ಬದಲಿಸಿ ಉಮಾಶ್ರೀ ಹೆಸರಿನ ಮುಂದೆ ಗುರುತು ಹಾಕಿದೆ. ಅದು ಅವಳ ಮೂರನೆಯದು. ಅವಳು ನಿನ್ನಂತೆ ಸುಮ್ಮನೆ ಹೋಗಲಿಲ್ಲ, ಜಗಳವಾಡಿದಳು. ನಾನು ಹಲಗೆಯತ್ತ ಕೈ ತೋರಿಸಿ ಅವಳನ್ನೂ ಕಳಿಸಿದೆ. ಲಹರಿಗೆ ಇದನ್ನು ಹೇಳಿಲ್ಲ.