ವೇದಿಕೆಯಲ್ಲಿ ಫೋಟೋ, ಗೇಟಿನಲ್ಲಿ ದೊಣ್ಣೆ

ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಕಾವಲುಗಾರ ಗೇಟಿನಲ್ಲೇ ನನ್ನ ಮಗ ಲಿಂಬಾನಿಯ ಮುಂದಿನ ಹಲ್ಲು ಉದುರಿಸಿದ. ಅವನಿಗೆ ಕಾಣುತ್ತಿದ್ದ ಒಂದೇ ಕಣ್ಣನ್ನು ರಕ್ತದ ಗಡ್ಡೆ ಮಾಡಿದ. ಅದೇ ಹೊತ್ತಿನಲ್ಲಿ ಒಳಗೆ ವೇದಿಕೆಯ ಮೇಲೆ ನೀವು ಅದೇ ಲಿಂಬಾನಿ ಕೂಸಾಗಿದ್ದಾಗಿನ ಫೋಟೋ ಎತ್ತಿ ಹಿಡಿದು, ಅವಧಿಗೆ ಮುಂಚೆ ಹುಟ್ಟಿದವರನ್ನು ಮಲಾವಿ ಹೇಗೆ ಉಳಿಸುತ್ತದೆ ನೋಡಿ ಎಂದು ಚಪ್ಪಾಳೆ ತಟ್ಟಿಸುತ್ತಿದ್ದಿರಿ. ಇಂಥ ಪತ್ರವನ್ನು 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಅದರ ಮುಂದಿನ ಸಾಲು ಮರೆತುಹೋಗಿದೆ. ಮರೆತದ್ದೇ ಒಳ್ಳೆಯದಾಯಿತು, ಅದರಲ್ಲೂ ಮರ್ಯಾದೆಯೇ ಇತ್ತೆಂದು ಕಾಣುತ್ತದೆ.

ಆ ಫೋಟೋದ ಕಥೆ ನಿಮಗೆ ಅರ್ಧ ಗೊತ್ತು. ಆರೂವರೆ ತಿಂಗಳಿಗೇ ಹುಟ್ಟಿದವನು, ಅಂಗೈಯಷ್ಟಿದ್ದ. ಅಂಥ ಕೂಸು ಸತ್ತರೆ ನಮ್ಮಲ್ಲಿ ಗಂಡಸರು ಹೋಗುವಂತಿಲ್ಲ, ಯಾರೂ ದನಿ ತೆಗೆದು ಅಳುವಂತಿಲ್ಲ. ಹೆಂಗಸರೇ ಒಯ್ದು ಮಣ್ಣು ಮಾಡುತ್ತಾರೆ. ನನ್ನತ್ತೆ ಆಗಲೇ ಗುದ್ದಲಿ ತರಿಸಿದ್ದರು. ನನ್ನ ಹೆಂಡತಿ ಎಸ್ತೆರೆ, ಈಗ ಅವಳೂ ಇಲ್ಲ, "ಉಸಿರಾಡೋದನ್ನ ಹೂಳ್ತೀಯೇನಮ್ಮಾ? ಮೊದಲು ನನ್ನ ಹೂಳು" ಎಂದವಳೇ ಅವನನ್ನು ಬರಿಯೆದೆಗೆ ಕಟ್ಟಿಕೊಂಡಳು. ಕಾಂಗರೂ ಹೀಗೇ ಮರಿ ಸಾಕುತ್ತದೆ ಎಂದಳು ನಿಮ್ಮ ಆಸ್ಪತ್ರೆಯ ನರ್ಸು. ಎಸ್ತೆರೆ ದಣಿದಾಗ ನಾನು ಕಟ್ಟಿಕೊಳ್ಳುತ್ತಿದ್ದೆ. "ಏನಣ್ಣಾ, ಹಾಲು ಇಳೀತಾ?" ಎಂದು ಹೆಂಡದಂಗಡಿಯವರು ಕೂಗುತ್ತಿದ್ದರು. ಇಳಿದಿದ್ದರೆ ಕುಡಿಸುತ್ತಿದ್ದೆ.

ಅಂತೂ ಬದುಕಿದ. 'ಸರ್ವೈವರ್' ಎಂದಿರಿ. ಆಮೇಲೆ? ಎಡಗಣ್ಣು ಮೊದಲಿಂದಲೂ ಕತ್ತಲು, ಬಲಗಿವಿ ಕಲ್ಲು, ಮಂಡಿಯ ನರ ಬಿಗಿದು ಕಾಲು ಮಡಚುವುದಿಲ್ಲ, ಗುಡ್ಡ ಹತ್ತಿದರೆ ಎದೆ ಸೀಟಿ ಹೊಡೆಯುತ್ತದೆ. ಆದರೂ ಮಿಷನ್ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾನೆ, ಹಲಗೆಗೆ ಮೂಗು ತಾಗಿಸಿಕೊಂಡು. ನಿಮ್ಮ ಮಕ್ಕಳ ವಾರ್ಡಿಗೆ ಹೋದರೆ, "ಮೀಸೆ ಬಂದಿದೆಯಲ್ಲ ಮಾರಾಯ, ಇಲ್ಲೇನು ಕೆಲಸ?" ದೊಡ್ಡವರ ಕಡೆ ಹೋದರೆ, "ಹುಟ್ಟಿದಾಗಿನ ತೊಂದರೆ, ಮಕ್ಕಳ ಡಾಕ್ಟರನ್ನ ಕೇಳಿ." ಮುಂಚೆ ಹುಟ್ಟಿದವರು ಬೆಳೆಯುವುದೇ ಇಲ್ಲವೆಂದು ಯಾವ ಪುಸ್ತಕದಲ್ಲಿ ಓದಿದಿರಿ, ಸ್ವಾಮಿ?

ಸಮಾರಂಭಕ್ಕೆ ಅವನನ್ನು ನೀವೇ ಕರೆಸಿದಿರಿ. ನಾನು ಸೈಕಲ್ ನಿಲ್ಲಿಸಿ ಬರುವಷ್ಟರಲ್ಲಿ ಅವನು ಗೇಟು ತಲುಪಿದ್ದ. ಕಾವಲುಗಾರ ಬಲಗಡೆಯಿಂದ ಕೂಗಿದ್ದು ಅವನಿಗೆ ಕೇಳಲಿಲ್ಲ.

"ಕುಡಿದವ್ನೆ, ನಡಿಗೆ ನೋಡ್ರೋ! ಏಯ್, ಹಿರಿಯನ ಮುಂದೆ ಮರದ ಥರ ನಿಂತಿದೀಯಾ? ಮಂಡಿಯೂರೋ!"

ಹಿರಿಯರಿಗೆ ಮಂಡಿ ಬಗ್ಗಿಸದವನು ನಮ್ಮಲ್ಲಿ ಹೆತ್ತವರಿಗೆ ಬೈಗುಳ ತರುತ್ತಾನೆ, ನಿಜ. ಆದರೆ ಮಗ ಹಿರಿಯರನ್ನು ಕರೆಯುವ ಹಾಗೇ ಕರೆದು ಹೇಳಿದನಲ್ಲ: "ಬಂಬೊ, ಕ್ಷಮಿಸಿ, ನನ್ನ ಕಾಲು ಬಗ್ಗಲ್ಲ."

"ನಾನು ಬಗ್ಗಿಸ್ತೀನಿ ಬಾ."

ದೊಣ್ಣೆ ಮಂಡಿಯ ಹಿಂದಕ್ಕೆ ಬಿತ್ತು. ಮಗ ಮಕಾಡೆ ಬಿದ್ದ. "ನನ್ನ ಕರೆಸಿದಾರೆ ಬಂಬೊ! ಆ ಕಾಂಗರೂ ಮಗು ನಾನೇ!" ಎಂದು ಕೂಗಿದ. ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಗುವಂತೆ! ನಿನ್ನ ಚೀಲ ಎಲ್ಲಿ ಮರೀ?" ನಗೆ ಕೇಳಿ ಕಾವಲುಗಾರನಿಗೆ ಹುರುಪು ಬಂತು. ಬೂಟು ಬಾಯಿಗೆ, ದೊಣ್ಣೆ ಕಣ್ಣಿಗೆ. ನಾನು ಓಡಿಬಂದು ಅವನ ಮಣಿಕಟ್ಟು ಕಚ್ಚಿದೆ, ನಾಲಿಗೆಗೆ ರಕ್ತದ ಉಪ್ಪು ತಾಗುವವರೆಗೆ. ತಪ್ಪಾಯಿತು ಎನ್ನುವುದಿಲ್ಲ. ಇನ್ನೂ ಆಳಕ್ಕೆ ಕಚ್ಚಬೇಕಿತ್ತು.

ಕಾವಲುಗಾರನನ್ನು ಕೆಲಸದಿಂದ ತೆಗೆದೆವು ಎಂದು ಹೇಳಿ ಕಳಿಸಿದಿರಿ. ದೊಣ್ಣೆ ಬಿಸಾಕಿ ಕೈ ತೊಳೆದುಕೊಂಡಿರೋ? ಉಳಿಸಿದ ಕೂಸು ಇಪ್ಪತ್ತೇಳರ ಗಂಡಸಾಗಿ ಬಂದರೆ ಹೇಗಿರುತ್ತಾನೆಂದು ಗೇಟಿನವನಿಗಿರಲಿ, ನಿಮ್ಮ ಡಾಕ್ಟರಿಗಾದರೂ ಗೊತ್ತಿದೆಯೇ? ಮಗ ಈಗ ಗೋಡೆ ತಡವಿಕೊಂಡು ಓಡಾಡುತ್ತಿದ್ದಾನೆ. "ಅಪ್ಪಾ, ಹಲಗೆ ಕಾಣದಿದ್ರೆ ಮಕ್ಕಳು ನನಗೇ ಲೆಕ್ಕ ಹೇಳಿಕೊಡಬೇಕಾಗುತ್ತೆ" ಎಂದು ಹಲ್ಲಿಲ್ಲದ ಬಾಯಲ್ಲಿ ನಗುತ್ತಾನೆ. ಆ ನಗು ನೋಡಲಾರೆ.

ಈ ವಾರವೇ ನಿಮ್ಮ ಗಾಡಿಯಲ್ಲಿ ಅವನನ್ನು ಬ್ಲಾಂಟೈರಿನ ಕಣ್ಣಿನ ಡಾಕ್ಟರ ಬಳಿಗೆ ಕಳಿಸಿ. ಮುಂಚೆ ಹುಟ್ಟಿ ಬೆಳೆದು ದೊಡ್ಡವರಾದ ಅವನಂಥವರಿಗೆ ಒಂದು ಕೋಣೆ, ಒಬ್ಬ ಡಾಕ್ಟರು ಕೊಡಿ. ಅಲ್ಲಿಯವರೆಗೆ ಆ ಫೋಟೋ ಮುಟ್ಟಬೇಡಿ. ಮುಟ್ಟಿದರೆ ಮಚ್ಚು ಹಿಡಿದು ವೇದಿಕೆ ಹತ್ತಿ ಅದನ್ನು ತುಂಡು ತುಂಡು ಮಾಡುತ್ತೇನೆ. ಕತ್ತರಿಸುವಾಗ ನಿಮ್ಮ ಕೈ ಅಡ್ಡ ಬಾರದಿರಲಿ.

ಇಂತಿ,
ನೀವು ಮೆರೆಸಿದ ಕೂಸಿನ, ನಿಮ್ಮವರು ಬಡಿದ ಗಂಡಸಿನ, ಒಬ್ಬನೇ ಅಪ್ಪ