ಸಭೆಗೆ ಬಾರದ ಟಾಪ್ ಕ್ವಾರ್ಕ್ ಪರವಾಗಿ

ಸಂಶೋಧನಾ ಪ್ರಗತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಪಿಎಚ್‌.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಮುಂದಿನ ತಿಂಗಳ ಕೊನೆಯೊಳಗೆ ಕಿತ್ತುಹಾಕಬೇಕು, ಇಲ್ಲವಾದರೆ ನೋಂದಣಿ ರದ್ದಾಗುತ್ತದೆ ಎಂದು ತಮ್ಮ ಸಮಿತಿ ಆದೇಶಿಸಿದೆ. ಕಾರಣ ಒಂದೇ ಸಾಲಿನದು: ‘ಪ್ರಯೋಗದಲ್ಲಿ ಹುಟ್ಟದ ಕಣಕ್ಕೆ ಲೆಕ್ಕದಲ್ಲಿ ಸ್ಥಾನವಿಲ್ಲ.’ ಈ ಸಾಲು ತಪ್ಪು ಎಂದು ಹೇಳಲು ಬರೆಯುತ್ತಿದ್ದೇನೆ. ಹೈದರಾಬಾದಿನಲ್ಲಿ ಕುಳಿತು ಕನ್ನಡದಲ್ಲೇಕೆ ಬರೆದೆ ಎಂದು ತಾವು ಕೇಳಬಹುದು. ಇಲ್ಲಿನ ಕನ್ನಡ ಸಂಘದ ಪತ್ರಿಕೆ ಬಿಟ್ಟು ಬೇರೆ ಯಾರೂ ಇದನ್ನು ಅಚ್ಚು ಹಾಕಲು ಒಪ್ಪಲಿಲ್ಲ. ತಮಗೆ ಕನ್ನಡ ಬಾರದಿದ್ದರೂ ಚಿಂತೆಯಿಲ್ಲ. ನನ್ನ ಅಧ್ಯಾಯವನ್ನು ತಮ್ಮ ಸಮಿತಿ ಓದದೆಯೇ ತಿರಸ್ಕರಿಸಿತು, ಇದನ್ನೂ ಹಾಗೆಯೇ ನಿಭಾಯಿಸಬಹುದು.

ವಿಷಯ ಇಷ್ಟೇ. ಝಡ್ ಎಂಬ ಕಣವೊಂದು ಒಡೆದು ಬಾಟಮ್ ಕ್ವಾರ್ಕ್ ಮತ್ತು ಅದರ ಪ್ರತಿಕಣವಾಗುತ್ತದೆ. ಹೀಗಾಗುವ ಸಂಭವ ಎಷ್ಟು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಸಮಿತಿ ಹೊರಗಿಟ್ಟ ಕಣ ಟಾಪ್ ಕ್ವಾರ್ಕ್. ಅದು ಈ ಝಡ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ, ಆದ್ದರಿಂದ ಝಡ್ ಒಡೆದಾಗ ಟಾಪ್ ಹೊರಬರುವುದು ಸಾಧ್ಯವೇ ಇಲ್ಲ. ಸಮಿತಿಗೆ ಇಷ್ಟು ತಿಳಿದಿದೆ, ಅಭಿನಂದನೆಗಳು. ಮೊದಲ ಸುತ್ತಿನ ಒರಟು ಲೆಕ್ಕದಲ್ಲಿ ಟಾಪ್ ಕಾಣುವುದೂ ಇಲ್ಲ. ಆದರೆ ಲೆಕ್ಕವನ್ನು ಮುಂದಿನ ಹಂತಗಳಿಗೆ ಒಯ್ದು ಸೂಕ್ಷ್ಮಗೊಳಿಸಿದಾಗ ಅದು ನಡುವೆ ಕ್ಷಣಮಾತ್ರ ಸುಳಿದು, ಹೊರಗೆ ಮುಖ ತೋರಿಸದೆ, ಉತ್ತರವನ್ನು ಬದಲಿಸಿ ಹೋಗುತ್ತದೆ. ಸಾಮಾನ್ಯವಾಗಿ ಕಣ ಭಾರವಾದಷ್ಟೂ ಇಂಥ ಉಸಾಬರಿ ಕಡಿಮೆ. ಟಾಪ್ ಮಾತ್ರ ಇಲ್ಲಿ ತದ್ವಿರುದ್ಧ, ಭಾರ ಹೆಚ್ಚಿದಷ್ಟೂ ಅದರ ಕೈ ಜೋರು. ಟಾಪ್ ಪತ್ತೆಯಾಗುವ ಮೊದಲೇ ಅದರ ಭಾರವನ್ನು ವಿಜ್ಞಾನಿಗಳು ಅಂದಾಜು ಮಾಡಿದ್ದು ಇಂಥ ಲೆಕ್ಕಗಳಿಂದಲೇ. ಅವರು ತಮ್ಮ ಸಮಿತಿಯ ಮುಂದೆ ಬಂದಿದ್ದರೆ ಏನಾಗುತ್ತಿತ್ತು? ಅವರ ಪುಣ್ಯ, ಬರಲಿಲ್ಲ.

ಇದು ತಮ್ಮ ಸದಸ್ಯರಿಗೂ ತಿಳಿಯಲೆಂದು ನಮ್ಮ ಮನೆಯ ಸಾಕ್ಷಿ ಕೊಡುತ್ತೇನೆ. ನನ್ನ ಅಕ್ಕ ಸೌಂದರ್ಯಾಳ ಸಕ್ಕರೆಪುಡಿ ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನಲ್ಲಿ ನಡೆಯಿತು. ಎರಡೂ ಕಡೆಯವರು ಸಕ್ಕರೆ ಬದಲಿಸಿಕೊಂಡರೆ ಸಂಬಂಧ ಗಟ್ಟಿಯಾದಂತೆ. ಗಂಡಿನ ಕಡೆಯವರು ಪಟಾನ್‌ಚೆರುವಿನಿಂದ ಬಂದು ಸಕ್ಕರೆಯ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದರು. ನಮ್ಮಪ್ಪನ ಅಕ್ಕ ಬಸಲಿಂಗಮ್ಮ ಹುಮನಾಬಾದ ಬಿಟ್ಟು ಕದಲುವವರಲ್ಲ, ಅಂದೂ ಬಂದಿರಲಿಲ್ಲ. ಆದರೂ ಅಡುಗೆಯಲ್ಲಿ ಎಣ್ಣೆಗಾಯಿ ಇರಲಿಲ್ಲ, ಏಕೆಂದರೆ ಸೋದರತ್ತೆಗೆ ಬದನೆಕಾಯಿ ಆಗುವುದಿಲ್ಲ. ಅಮ್ಮ ತನಗಿಷ್ಟದ ನೀಲಿ ಸೀರೆ ಬಿಟ್ಟು ಹಸಿರು ಉಟ್ಟಿದ್ದಳು, ಯಾವ ಸೀರೆ ಉಟ್ಟಿದ್ದೆ ಎಂದು ನಾಳೆ ಅವರು ಫೋನಿನಲ್ಲಿ ಕೇಳಿದರೆ ಎಂದು. ಮದುವೆ ಯಾವ ತಿಂಗಳು ಎಂಬ ಮಾತು ಬಂದಾಗ ಅಪ್ಪ ಹುಮನಾಬಾದಕ್ಕೆ ಫೋನ್ ಮಾಡಲು ಎದ್ದರು. ಗಂಡಿನ ಸೋದರಮಾವ, ಬಾರದವರ ಮಾತೇಕೆ, ಇದ್ದವರೇ ಮುಗಿಸೋಣ ಎಂದರು. ಅಪ್ಪ ಹೇಳಿದ್ದು ಒಂದೇ ಮಾತು:

‘ಅಕ್ಕ ಬಂದಿಲ್ಲಂದ್ರ ಅಕ್ಕ ಇಲ್ಲ ಅಂತೇನ್ರಿ?’

ಮದುವೆ ಸೋದರತ್ತೆ ಒಪ್ಪಿದ ತಿಂಗಳಲ್ಲೇ ಆಯಿತು. ಅವರನ್ನು ಸೊನ್ನೆ ಎಂದು ಹಿಡಿದು ಆ ಮದುವೆಯನ್ನು ಲೆಕ್ಕ ಹಾಕಿದ್ದರೂ ಉತ್ತರವೊಂದು ಬರುತ್ತಿತ್ತು, ತಪ್ಪು ಉತ್ತರ.

ಈಗ ತಮ್ಮ ಸಭೆಯ ದಿನಕ್ಕೆ ಬರುತ್ತೇನೆ. ತಾವು ಅಂದು ಬಂದಿರಲಿಲ್ಲ. ದೆಹಲಿಯಲ್ಲಿ ಯಾವುದೋ ಉದ್ಘಾಟನೆ ಇತ್ತಂತೆ. ಮೇಜಿನ ತುದಿಯಲ್ಲಿ ತಮ್ಮ ಕುರ್ಚಿ, ಬೆನ್ನಿಗೆ ಬಿಳಿ ಟವೆಲ್ ಹೊದ್ದುಕೊಂಡು, ಖಾಲಿಯಿತ್ತು. ಒಬ್ಬ ಸದಸ್ಯರು ಕೆಲಸ ಚೆನ್ನಾಗಿದೆ ಎಂದು ತೆಲುಗಿನಲ್ಲಿ ಶುರುಮಾಡಿ, ಕುರ್ಚಿಯ ಕಡೆ ನೋಡಿ ನಿಲ್ಲಿಸಿದರು. ಅಧ್ಯಕ್ಷರಿಗೆ ಇಂಥದ್ದೆಲ್ಲ ಹಿಡಿಸುವುದಿಲ್ಲ ಎಂದು ಕಾರ್ಯದರ್ಶಿಗಳು ತಿಳಿಸಿದರು. ಎಲ್ಲರೂ ಕುರ್ಚಿಯತ್ತ ತಿರುಗಿ ತಲೆಯಾಡಿಸಿದರು, ತೀರ್ಮಾನ ಸರ್ವಾನುಮತದ್ದಾಯಿತು. ನನ್ನ ಮಾರ್ಗದರ್ಶಕ ದತ್ತಾತ್ರೇಯ ಸರ್ ಬೀದರಿನವರು, ಆ ಅಧ್ಯಾಯದ ಪ್ರತಿ ಸಾಲನ್ನೂ ತಿದ್ದಿದವರು. ಸಭೆಯಲ್ಲಿ ಅವರು ನೀರಿನ ಬಾಟಲಿಯ ಮುಚ್ಚಳ ತಿರುವುತ್ತಿದ್ದರು. ಹೊರಗೆ ಬಂದ ಮೇಲೆ ನನಗೆ ಮೆಲ್ಲಗೆ ಹೇಳಿದರು: ‘ಸಾಹೇಬ್ರ ಮನಸ್ಸಿನ್ಯಾಗ ಏನೈತೋ ಗೊತ್ತಿಲ್ಲವ್ವಾ, ನಾ ಹ್ಯಾಂಗ ಮಾತಾಡ್ಲಿ?’ ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇಸರವಿದೆ. ಮೆಹದಿಪಟ್ಟಣಂ ಬಸ್ಸಿನಲ್ಲಿ ನಿಂತುಕೊಂಡೇ ಅಳು ಬಂತು, ಪಕ್ಕದ ಹೆಂಗಸು ಸೀಟು ಬಿಟ್ಟುಕೊಟ್ಟರು.

ಆಗ ಹೊಳೆದದ್ದನ್ನು ತಮ್ಮ ಮುಂದಿಡುತ್ತೇನೆ. ಬಾರದವರ ಪ್ರಭಾವ ಸೊನ್ನೆ ಎಂಬ ತಮ್ಮ ಸಮಿತಿಯ ಮಾತು ನಿಜವಾದರೆ, ಅಂದಿನ ಸಭೆಯಲ್ಲಿ ತಾವೂ ಸೊನ್ನೆ. ತಮ್ಮ ಕುರ್ಚಿಗೆ ಅಂಜಿ ಬರೆದ ಆದೇಶ ಬಿದ್ದುಹೋಗುತ್ತದೆ. ಅದು ನಿಜವಲ್ಲವಾದರೆ ಅಧ್ಯಾಯವನ್ನು ಕೀಳಲು ಕಾರಣವೇ ಉಳಿಯುವುದಿಲ್ಲ. ಎರಡರಲ್ಲಿ ಯಾವುದನ್ನಾದರೂ ತಾವು ಆರಿಸಿಕೊಳ್ಳಬಹುದು, ನಾನು ಆಕ್ಷೇಪಿಸುವುದಿಲ್ಲ. ಆದೇಶವನ್ನು ಹಿಂತೆಗೆದುಕೊಳ್ಳಿ, ಅಧ್ಯಾಯವನ್ನು ವಿಷಯ ಬಲ್ಲವರೊಬ್ಬರಿಗೆ ಓದಲು ಕಳಿಸಿ, ಆಮೇಲೆ ಮತ್ತೊಮ್ಮೆ ಸಭೆ ಕರೆಯಿರಿ. ಅವರಿಗೆ ತಪ್ಪು ಸಿಕ್ಕರೆ ನಾನೇ ಕಿತ್ತುಹಾಕುತ್ತೇನೆ.

ಮರುಸಭೆಗೆ ತಾವು ಬರಲೇಬೇಕೆಂದಿಲ್ಲ. ಬಾರದೆಯೇ ತಾವು ಏನೆಲ್ಲ ಮಾಡಬಲ್ಲಿರಿ ಎಂಬುದನ್ನು ಈ ಸಲ ಲೆಕ್ಕದಲ್ಲಿ ಸೇರಿಸಿಕೊಂಡೇ ಬರುತ್ತೇನೆ.

ಇಂತಿ,
ಮುಂದಿನ ತಿಂಗಳ ಕೊನೆಯವರೆಗಷ್ಟೇ ತಮ್ಮ ಸಂಶೋಧನಾ ವಿದ್ಯಾರ್ಥಿನಿ,
ಗುರುದೇವಿ ಕಲ್ಯಾಣಪ್ಪ
ಕೂಕಟ್‌ಪಲ್ಲಿ