ಹಿಂದಿರುಗಿದ ಕಬ್ಬಿನ ಗಾಡಿಗಳು

೧೨ ಜನವರಿ ೧೯೪೧
ನಾನು ಚಿಕ್ಕನಂಜಮ್ಮ. ಮದ್ದೂರಿನ ಈಚೆ ಈ ಊರಿನಲ್ಲಿ ಪಟೇಲರ ಮನೆ ಎಂದರೆ ನನ್ನ ಮನೆ. ಹೈಸ್ಕೂಲು ಕಂಡ ಹೆಂಗಸು ನಾನೊಬ್ಬಳೇ. ನಾನು ಬಂದರೆ ಗಂಡಸರೂ ಎದ್ದು ನಿಲ್ಲುತ್ತಾರೆ.

ಬೆಳಗಿನ ಜಾವ ಗಂಟೆಯ ಸದ್ದು. ಕನಸೆಂದುಕೊಂಡೆ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಗಾಡಿಗಳು ಮಂಜಿನೊಳಗಿಂದ ಒಂದೊಂದಾಗಿ ನಮ್ಮ ಬಾಗಿಲಿಗೇ ತೇಲಿ ಬಂದವು. ಎತ್ತುಗಳಿಗೆ ಅರೆಗಣ್ಣು. ಗಾಡಿ ಹೊಡೆಯುವವರದು ಕಬ್ಬಿನ ಮೇಲೆ ಗೊರಕೆ. ಮುಂದಿನ ಗಾಡಿಯ ಹುಚ್ಚೀರಯ್ಯ ಕಣ್ಣುಜ್ಜಿಕೊಂಡ.

"ಮಂಡ್ಯ ಬಂತಾ ಅವ್ವ?"

೧೩ ಜನವರಿ
ಮೊಮ್ಮಕ್ಕಳ ಕೆಲಸ. ಹಿರಿಮಗನ ಮಗಳು ಜಯಲಕ್ಷ್ಮಿ, ಕಿರಿಮಗನ ಮಗ ಚಿಕ್ಕಮಾದು — ಇಬ್ಬರಿಗೂ ಹದಿಮೂರು. ಕಬ್ಬಿನ ನಡುವೆ ಅಡಗಿ ಹೋಗಿ, ಎಲ್ಲರೂ ನಿದ್ದೆಹೋದ ಮೇಲೆ ಇಳಿದು, ಮುಂದಿನ ಗಾಡಿಯ ಎತ್ತಿನ ಜೋಡಿಯನ್ನು ಊರ ಕಡೆ ತಿರುಗಿಸಿದ್ದಾರೆ. ಉಳಿದವು ಹಿಂಬಾಲಿಸಿವೆ. ಕಾರ್ಖಾನೆಯಲ್ಲಿ ಸರದಿ ತಪ್ಪಿತು.

ಇಬ್ಬರಿಗೂ ಒಂದೇ ಶಿಕ್ಷೆ ಕೊಟ್ಟೆ — ಸುಗ್ಗಿ ಮುಗಿಯುವವರೆಗೆ ಹುಚ್ಚೀರಯ್ಯನ ಕೊಟ್ಟಿಗೆ ಗುಡಿಸುವುದು. ಅವನು ಚಿಕ್ಕಮಾದುವಿನ ಬೆನ್ನು ಗುದ್ದಿ ನಕ್ಕ.

"ಭಲೇ ಪೋಕ್ರಿ ಕಣ್ಲಾ ನೀನು!"

ಜಯಳನ್ನು ನೋಡಿದ. ನಗು ನಿಂತಿತು.

"ಎಣ್ಣೈಕ್ಳು ಇಂಗಾ ಮಾಡದು? ಬಜಾರಿ ಆಗೋಗದೆ ಕಣವ್ವ."

೨೭ ಜನವರಿ
ಬಜಾರಿ ಎಂಬ ಹೆಸರು ಅಂಟಿಕೊಂಡಿತು. ಜಯ ನೀರಿಗೆ ಹೋದರೆ ತಾಯಂದಿರು ಹೆಣ್ಣುಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಯಾರದೋ ತಂಬಿಗೆ ಕಾಣದಿದ್ದರೂ ಅವಳೇ ಕಳ್ಳಿ. ಚಿಕ್ಕಮಾದು ಜಗುಲಿ ಜಗುಲಿಯಲ್ಲೂ ಕಥೆ ಹೇಳಿ ಕಡಲೆ ತಿನ್ನುತ್ತಾನೆ.

ಜಯಳ ಅಪ್ಪ ಮಹದೇವಯ್ಯ ಆ ಕಥೆಗೆ ತಾನೂ ನಗುತ್ತಾನೆ; ಮಗಳಿಗೆ ಮಾತ್ರ ಮಳವಳ್ಳಿ ಕಡೆಯ ಗಂಡು ನೋಡಿದ್ದಾನೆ. ಹೆಂಡತಿ ಸತ್ತವನು, ನಲವತ್ತು ದಾಟಿದವನು.

"ಸುದ್ದಿ ಅಲ್ಲೀಗಂಟ ಓಗೋಕೆ ಮುಂಚೆ ಕೊಟ್ಬುಡಾಣ, ಅವ್ವ."



೨೮, ಸಂಜೆ
ಜಯ ಕೊಟ್ಟಿಗೆಯಿಂದ ಬಂದಳು. ಕೂದಲಲ್ಲಿ ಹುಲ್ಲು.

"ತಂಬಿಗೆ ಕದ್ದ್ಯೇನೇ?"

"ಇಲ್ಲ ಅಜ್ಜಿ. ನಾಳೆ ಕದೀತೀನಿ. ಎಂಗೂ ಅಂತಾವ್ರಲ್ಲ."

ನಿದ್ದೆಯಲ್ಲಿ ಮಾತಾಡುವವರ ಹಾಗೆ, ಅಷ್ಟು ಮೆತ್ತಗೆ.

೩ ಫೆಬ್ರವರಿ
ಮಳವಳ್ಳಿಯವರು ಬಂದರು. ಗಾಡಿಯ ಕಥೆ ನಾನೇ ಹೇಳಿದೆ, ಏನೂ ಬಿಡದೆ. ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು.

"ಮಾನ ಕಳ್ದ್ಬುಟ್ಟೆ ಅವ್ವ!" ಮಹದೇವಯ್ಯ ಕೂಗಾಡಿದ.

"ಚಿಕ್ಕಮಾದು ಮಾಡ್ದಾಗ ನಗ್ತಿದ್ದ್ಯಲ್ಲೋ. ಆಗ ಇತ್ತಾ ಮಾನ?"

೬ ಫೆಬ್ರವರಿ, ರೈಲಿನಲ್ಲಿ
ಜಯಳನ್ನು ಮೈಸೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಬಿಟ್ಟೆ. ಹುಡುಗಿಯರ ಸ್ಕೂಲಿಗೆ ಸೇರಿಸಿಯೂ ಆಯಿತು. "ಹುಡುಗಿ ಎಂಥವಳು?" ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು. "ಹದಿಮೂರು ವರ್ಷದವಳು" ಎಂದೆ.

ಕಿಟಕಿಯಾಚೆ ಗದ್ದೆಗಳು ಹಿಂದಕ್ಕೆ ಹರಿಯುತ್ತಿವೆ... ಮಹದೇವಯ್ಯನಿಗೆ ಹೇಳದೆ ಕರೆದುಕೊಂಡು ಬಂದಿದ್ದೆ. ಮದ್ದೂರಿನಲ್ಲಿ ಇಳಿದಾಗ ಅವನು ಎದುರಿಗೆ ನಿಂತಿದ್ದರೆ, ಈ ಸಲ ಗಾಡಿ ತಿರುಗಿಸಿದವಳು ನಾನೇ ಎಂದು ಹೇಳುತ್ತೇನೆ.